ಎರೆಮಣ್ಣಿನ ಬಣ್ಣವೇ ಇಲ್ಲದ ಡಬ್ಬಿ: ಹನ್ನೆರಡು ಪ್ಯಾನಿನ ಜಲವರ್ಣ ಕಿಟ್

ಹುಬ್ಬಳ್ಳಿ-ಧಾರವಾಡದ ಡ್ರಾಯಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಕಿಟ್ ಇದು. ಅಂಗೈಯಗಲದ ತಗಡಿನ ಡಬ್ಬಿ, ಒಳಗೆ ಹನ್ನೆರಡು ಹಾಫ್ ಪ್ಯಾನ್ (ಒಣಗಿದ ಬಣ್ಣದ ಪುಟ್ಟ ಬಟ್ಟಲು), ಹಿಡಿಕೆಯೊಳಗೇ ನೀರು ತುಂಬುವ ಒಂದು ವಾಟರ್ ಬ್ರಷ್, ಅಂಚೆಕಾರ್ಡಿನಷ್ಟು ಪ್ಯಾಡ್, ಎದುರಿನ ನೋಟವನ್ನು ಚೌಕಟ್ಟಿನೊಳಗೆ ಹಿಡಿದು ನೋಡಲು ನಡುವೆ ಚೌಕ ಕೊರೆದ ಪ್ಲಾಸ್ಟಿಕ್ ಕಾರ್ಡ್. ಹೊರಗೆ ಕೂತು ನಿಸರ್ಗಚಿತ್ರ ತೆಗೆಯುವವರಿಗೆಂದೇ ಮಾರುತ್ತಾರೆ. ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಮಾಲು ಬಹುಪಾಲು ಒಂದೇ. ಧಾರವಾಡದ ಸಾಧನಕೇರಿ ಕೆರೆಯ ದಂಡೆ, ನವಲಗುಂದ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲ, ಲಕ್ಕುಂಡಿಯ ಗುಡಿ ಮೂರೂ ಕಡೆ ಬಳಸಿ ನೋಡಿದ್ದಾಗಿದೆ.

ಕೆರೆ, ಮುಗಿಲು, ಮರಗಳಿಗೆ ಡಬ್ಬಿ ಸಾಕು. ಅಲ್ಟ್ರಾಮರೀನ್ ನೀಲಿ ಚೆನ್ನಾಗಿದೆ, ಕಾಗದದ ತಗ್ಗುಗಳಲ್ಲಿ ಕಾಳುಕಾಳಾಗಿ ಕೂರುತ್ತದೆ. ಎರಡು ಹಸಿರುಗಳಲ್ಲಿ ಒಂದು ಪೇಂಟ್ ಡಬ್ಬಿಯಿಂದ ತೆಗೆದಂತಿದೆ. ಅದಕ್ಕೆ ಚೂರು ಕೇಸರಿ ಕೂಡಿಸದೆ ಬೇವಿನ ಗಿಡಕ್ಕೆ ಹಚ್ಚಬಾರದು.

ತೊಡಕು ಶುರುವಾಗುವುದು ನೆಲಕ್ಕೆ ಬಂದಾಗ. ಎರಡು ಹಳದಿ, ಒಂದು ಕೇಸರಿ, ಎರಡು ಕೆಂಪು, ನೇರಳೆ, ಎರಡು ನೀಲಿ, ಎರಡು ಹಸಿರು, ಬಿಳಿ, ಕಪ್ಪು. ಮಣ್ಣಿನ ಬಣ್ಣ ಒಂದೂ ಇಲ್ಲ! ಹಾಲಭಾವಿ, ಮಿಣಜಿಗಿ, ಅಕ್ಕಿಯವರಂಥ ಕಲಾವಿದರು ಕಲಾಶಾಲೆ ಕಟ್ಟಿದ ಸೀಮೆಯಲ್ಲಿ ಇಂಥ ಡಬ್ಬಿ ಖರ್ಚಾಗುತ್ತಿದೆ. ಎರೆ ಹೊಲಕ್ಕೆ ಡಬ್ಬಿಯ ಕಪ್ಪನ್ನೇ ಹಚ್ಚಿದರೆ ಡಾಂಬರು ಸುರಿದಂತಾಗುತ್ತದೆ. ಹೊಲದವರಿಗೆ ತೋರಿಸಿದರೆ "ಇದು ಯಾ ಕಡೆ ಹೊಲರೀ?" ಅಂತಾರೆ. ಗಿಡದ ಆಕಾರ ತಪ್ಪಿದರೆ ಯಾರೂ ಕೇಳುವುದಿಲ್ಲ, ಮಣ್ಣಿನ ಬಣ್ಣ ತಪ್ಪಿದರೆ ಊರೇ ಬದಲಾಗುತ್ತದೆ.

ಬಿಳಿ, ಕಪ್ಪು ಎರಡನ್ನೂ ಕಿತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ) ಹಾಕಿಕೊಳ್ಳಿ. ಖಾಲಿ ಪ್ಯಾನಿಗೆ ಟ್ಯೂಬಿನಿಂದ ಅರ್ಧ ಮಾತ್ರ ತುಂಬಿ, ಒಂದು ದಿನ ಆರಲು ಬಿಟ್ಟು ಉಳಿದರ್ಧ ತುಂಬಬೇಕು. ಒಮ್ಮೆಲೇ ತುಂಬಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಬಿರುಕು ಬಿಟ್ಟು ತುಂಡುತುಂಡಾಗಿ ಉದುರುತ್ತದೆ. ಎರೆಮಣ್ಣಿಗೆ ಎರಡು ಪಾಲು ಅಲ್ಟ್ರಾಮರೀನ್, ಒಂದು ಪಾಲು ಸಿಯೆನ್ನಾ. ಮಳೆ ಬಿದ್ದ ಮರುದಿನದ ಹೊಲಕ್ಕೆ ಇದನ್ನೇ ದಪ್ಪಗೆ ಹಚ್ಚಿ. ಏಪ್ರಿಲ್‌ನ ಬಿರುಕುಬಿಟ್ಟ ನೆಲಕ್ಕೆ ನೀರು ಹೆಚ್ಚಿಸಿ ತೆಳು ಬೂದು ಮಾಡಿಕೊಂಡು, ಬಿರುಕನ್ನು ಮಾತ್ರ ದಪ್ಪ ಬಣ್ಣದಲ್ಲಿ ಎಳೆಯಿರಿ. ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಸಿಯೆನ್ನಾ-ಓಕರ್ ಸಮಸಮ. ಲಕ್ಕುಂಡಿಯ ಹಸಿರುಬೂದು ಕಲ್ಲಿಗೆ ಓಕರ್ ಮತ್ತು ಅಲ್ಟ್ರಾಮರೀನ್ ಬೆರೆಸಿ, ಸಿಯೆನ್ನಾ ತುದಿಬ್ರಷ್‌ನಷ್ಟು ಸಾಕು.

ವಾಟರ್ ಬ್ರಷ್ ಈ ಮಿಶ್ರಣದ ವೈರಿ. ಬಿಸಿಲಿಗೆ ಹಿಡಿಕೆಯೊಳಗಿನ ಗಾಳಿ ಹಿಗ್ಗಿ ನೀರನ್ನು ತುದಿಗೆ ತಳ್ಳುತ್ತದೆ, ದಪ್ಪ ಬಣ್ಣ ನಿಲ್ಲುವುದೇ ಇಲ್ಲ. 8ನೇ ನಂಬರಿನ ದುಂಡು ಬ್ರಷ್ ಬೇರೆ ಒಯ್ಯಿರಿ. ಪ್ಯಾಡಿನ ಕಾಗದವೂ ತೆಳು, ನೀರು ಬಣ್ಣ ಹರಡುವ ಎರಡನೇ ವಾಷ್‌ಗೆ ಹಪ್ಪಳದಂತೆ ಏಳುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ತಂದು ಅಳತೆಗೆ ಕತ್ತರಿಸಿಕೊಳ್ಳುವುದೇ ವಾಸಿ. ಬೇಸಿಗೆಯ ಮಧ್ಯಾಹ್ನ ವಾಷ್ ಹಚ್ಚುತ್ತಿದ್ದಂತೆ ಒಣಗಿ ಅಂಚು ಗಟ್ಟಿಯಾಗುತ್ತದೆ. ಕಾಲು ಲೀಟರ್ ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್ ಹಾಕಿದರೆ ಸ್ವಲ್ಪ ಹೊತ್ತು ಸಿಗುತ್ತದೆ. ಹೆಚ್ಚಾದರೆ ಚಿತ್ರ ಅಂಟಂಟಾಗಿಯೇ ಉಳಿದು ಎದುರಿನ ಹಾಳೆಗೆ ಹತ್ತುತ್ತದೆ.

ಚೌಕದ ಕಾರ್ಡ್ ಬಗ್ಗೆ ತಕರಾರು ಬೇರೆ. ದೂರದವರೆಗೆ ನೋಟ, ಹತ್ತಿರದಲ್ಲೇ ಒಂದು ಮರೆ, ಇವೆರಡೂ ಇರುವ ಜಾಗ ಮನುಷ್ಯನ ಮನಸ್ಸಿಗೆ ಹಿಡಿಸುತ್ತದೆ ಎಂದು ಬ್ರಿಟನ್ನಿನ ಭೂಗೋಳಶಾಸ್ತ್ರಜ್ಞ ಜೇ ಆಪಲ್ಟನ್ 1975ರಲ್ಲಿ ವಾದಿಸಿದ್ದರು. ಸಾಧನಕೇರಿಯಲ್ಲಿ ಮರದ ಕೆಳಗೆ ಕೂತರೆ ಎರಡೂ ಸಿಗುತ್ತವೆ, ಕಾರ್ಡೂ ಕೆಲಸಕ್ಕೆ ಬರುತ್ತದೆ. ನವಲಗುಂದದ ಬಯಲಲ್ಲಿ ಮರೆಯೆಂಬುದೇ ಇಲ್ಲ. ಅಲ್ಲಿ ಚೌಕ ಹಿಡಿದರೆ ಕೈ ತಾನಾಗಿ ಒಂಟಿ ಜಾಲಿಗಿಡವನ್ನು ಹುಡುಕಿ ನಡುವೆ ತಂದು ನಿಲ್ಲಿಸುತ್ತದೆ, ಬಯಲು ಹಿನ್ನೆಲೆಯಾಗಿಬಿಡುತ್ತದೆ. ಕಾರ್ಡನ್ನು ಜೇಬಿಗಿಟ್ಟು ಹಾಳೆ ಅಡ್ಡ ಹಿಡಿಯಿರಿ. ದಿಗಂತವನ್ನು ಕೆಳಗಿನ ಕಾಲುಭಾಗಕ್ಕಿಳಿಸಿ ಉಳಿದದ್ದನ್ನೆಲ್ಲ ಮುಗಿಲಿಗೆ ಬಿಡಿ. ಕಾಲಡಿಯ ಸಾಲುಗಳನ್ನು ದಪ್ಪಗೆ ಎಳೆದು, ದೂರದವನ್ನು ಒಂದೇ ತೆಳು ಗೆರೆಯಲ್ಲಿ ಮುಗಿಸಿದರೆ ಆ ಬಟ್ಟಬಯಲಿನ ಒಂಟಿತನ ಹಾಳೆಗೆ ಬರುತ್ತದೆ.

ಕಡುಗೆಂಪಿನ ಮೇಲೂ ಭರವಸೆ ಬೇಡ. ಈ ಬಣ್ಣ ಹಚ್ಚಿದ ಕಾಗದದ ಪಟ್ಟಿಯ ಅರ್ಧ ಮುಚ್ಚಿ ಕಿಟಕಿಗೆ ಅಂಟಿಸಿಟ್ಟರೆ ಮೂರು ತಿಂಗಳಲ್ಲಿ ತೆರೆದ ಭಾಗ ಎದ್ದು ಕಾಣುವಂತೆ ಮಾಸಿತು. ಬ್ಯಾಡಗಿ ಮೆಣಸಿನಕಾಯಿ ರಾಶಿಯ ಚಿತ್ರ ತೆಗೆಯುವವರು ಬೇಗ ಮಾಸದ ಕ್ವಿನಾಕ್ರಿಡೋನ್ ಕೆಂಪಿನ ಟ್ಯೂಬ್ ತರಬೇಕು. ಲೇಬಲ್ ಮೇಲೆ ಬಣ್ಣದ ಸಂಕೇತ ಪಿವಿ 19 ಎಂದಿರುತ್ತದೆ.

ಇಷ್ಟೆಲ್ಲ ಬದಲಿಸಿದ ಮೇಲೆ ಮೂಲದ್ದಾಗಿ ಉಳಿಯುವುದು ಒಂಬತ್ತು ಪ್ಯಾನು ಮತ್ತು ತಗಡಿನ ಡಬ್ಬಿ. ಡಬ್ಬಿ ಮಾತ್ರ ನಿಜಕ್ಕೂ ಒಳ್ಳೆಯದು, ಮುಚ್ಚಳದಲ್ಲಿ ಬಣ್ಣ ಕಲಸಲು ಮೂರು ಗುಂಡಿಗಳಿವೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದನ್ನು ಒದ್ದೆಯಿರುವಾಗಲೇ ಮುಚ್ಚಿಟ್ಟರೆ ಬಣ್ಣದ ಮೇಲೆ ಬೂಷ್ಟು ಬರುತ್ತದೆ, ರಾತ್ರಿಯೆಲ್ಲ ತೆರೆದಿಡಿ.