ಎರಡು ಕಂಪ್ಯೂಟರ್, ಒಂದು ಕೇಬಲ್, ಸಿಂಕ್‌ಥಿಂಗ್: ವರ್ಷಗಟ್ಟಲೆ ಬಳಸಿದ ಮೇಲೆ

ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ, ಒಂದರಲ್ಲಿ ಮಾಡಿದ ಕೆಲಸ ಇನ್ನೊಂದರಲ್ಲೂ ಸಿಗಬೇಕು, ಬ್ಯಾಕಪ್ಪೂ ಆಗಬೇಕು ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಸಿಂಕ್‌ಥಿಂಗ್. 2013ರಲ್ಲಿ ಶುರುವಾದ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಂದೇ ನೆಟ್‌ವರ್ಕ್‌ನಲ್ಲಿರುವ ಎರಡು ಯಂತ್ರಗಳ ನಡುವೆ ಫೈಲುಗಳು ನೇರವಾಗಿ ಹೋಗುತ್ತವೆ, ಯಾರ ಸರ್ವರಿನಲ್ಲೂ ಕೂರುವುದಿಲ್ಲ. ನಾನು ಇದನ್ನು ಲ್ಯಾಪ್‌ಟಾಪಿಗೂ ಹಳೆಯ ಡೆಸ್ಕ್‌ಟಾಪಿಗೂ ಹಾಕಿಕೊಂಡು ಕೆಲವು ವರ್ಷಗಳಾದವು. ಪೆನ್‌ಡ್ರೈವ್ ಹಿಡಿದು ಓಡಾಡುವುದು ನಿಂತೇ ಹೋಗಿದೆ.

ಜೋಡಣೆ ಸುಲಭ. ಬ್ರೌಸರಿನಲ್ಲಿ 127.0.0.1:8384 ತೆರೆದರೆ ಇದರ ಪುಟ ಬರುತ್ತದೆ. ಪ್ರತಿ ಯಂತ್ರಕ್ಕೂ ಒಂದು ಉದ್ದನೆಯ ಗುರುತುಸಂಖ್ಯೆ ಇರುತ್ತದೆ. ಎರಡೂ ಕಡೆಯವರು ಒಪ್ಪಿಗೆ ಕೊಟ್ಟ ಮೇಲೆಯೇ ಸಂಪರ್ಕ. ವಿಂಡೋಸ್‌ನಲ್ಲಿ ಫೈರ್‌ವಾಲ್ ಅನುಮತಿ ಕೇಳಿದಾಗ ಕೊಡಬೇಕು. ಇದು ಬಳಸುವ ಪೋರ್ಟ್ (ಮಾಹಿತಿ ಹೋಗಿಬರುವ ದಾರಿಯ ಸಂಖ್ಯೆ) 22000.

ಮೊದಲ ಸಲ ದೊಡ್ಡ ಫೋಟೋ ಸಂಗ್ರಹ ಕಳಿಸುವಾಗ ವೈಫೈ ನೆಚ್ಚಿಕೊಳ್ಳಬೇಡಿ, ನೆಟ್‌ವರ್ಕ್ (ಈಥರ್ನೆಟ್) ಕೇಬಲ್ ಹಾಕಿ. ರೂಟರ್ ಇಲ್ಲದಿದ್ದರೂ ಸರಿ, ಒಂದರ ಕೇಬಲ್ ಪೋರ್ಟಿನಿಂದ ಇನ್ನೊಂದರ ಪೋರ್ಟಿಗೆ ನೇರ ಸಿಕ್ಕಿಸಬಹುದು. ಹಿಂದೆ ಇದಕ್ಕೆ ಬೇಕಿದ್ದ, ಒಳಗಿನ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಪೋರ್ಟುಗಳಿಗೆ ಬೇಕಿಲ್ಲ. ವಿಂಡೋಸ್, ಮ್ಯಾಕ್ ಯಂತ್ರಗಳು 169.254 ಎಂದು ಶುರುವಾಗುವ ನೆಟ್‌ವರ್ಕ್ ವಿಳಾಸ ತಾವೇ ತೆಗೆದುಕೊಳ್ಳುತ್ತವೆ.

ಕೇಬಲ್ ವಿಷಯದಲ್ಲಿ ಒಂದು ಮಾತು. ಗಿಗಾಬಿಟ್ ವೇಗಕ್ಕೆ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು. ಒಂದು ಜೋಡಿ ಕೈಕೊಟ್ಟರೆ ಸಂಪರ್ಕ ಸಾಮಾನ್ಯವಾಗಿ ಕಡಿಯುವುದಿಲ್ಲ, 100 ಮೆಗಾಬಿಟ್‌ಗೆ ಇಳಿದುಬಿಡುತ್ತದೆ. ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ನನ್ನಲ್ಲಿ ಕಾಪಿ ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲೇ ನಿಂತಿತ್ತು. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ವೇಗ ನೋಡಿದರೆ 100 ಎಂದಿತ್ತು. ಆ ಕೇಬಲ್ ತೆಗೆದು ಗಿಗಾಬಿಟ್‌ಗೆ ತಕ್ಕ ಕ್ಯಾಟ್ 5ಇ ದರ್ಜೆಯ ಕೇಬಲ್ ಹಾಕಿದ ಮೇಲೆ ಮಾಮೂಲಿ ಫೋಲ್ಡರ್ ಶೇರಿಂಗ್‌ನಲ್ಲಿ 110 ಎಂಬಿ ಹತ್ತಿರ ಬಂತು. 100 ಜಿಬಿಗೆ ಎರಡೂವರೆ ಗಂಟೆ ಹಿಡಿಯುವುದಕ್ಕೂ ಕಾಲು ಗಂಟೆಯಲ್ಲಿ ಮುಗಿಯುವುದಕ್ಕೂ ಇರುವ ವ್ಯತ್ಯಾಸ ಅದು. ಸಿಂಕ್‌ಥಿಂಗ್ ಪ್ರತಿ ಫೈಲನ್ನೂ ತುಂಡು ತುಂಡಾಗಿ ಲೆಕ್ಕ ಹಾಕಿ ತಾಳೆ ನೋಡುವುದರಿಂದ ಹಳೆಯ ಪ್ರೊಸೆಸರಿನಲ್ಲಿ ಅಷ್ಟು ವೇಗ ಸಿಗುವುದಿಲ್ಲ. ಆದರೆ ಆಮೇಲೆ ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದಲ್ಲ, ಅದೇ ಲಾಭ.

ಇನ್ನು ಮುಖ್ಯ ವಿಷಯ. ಸಿಂಕ್ ಆದಷ್ಟಕ್ಕೇ ಬ್ಯಾಕಪ್ ಆಗುವುದಿಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟಿದ್ದು ಅಲ್ಲೂ ಕೆಡುತ್ತದೆ. ಇದನ್ನು ಸಿಂಕ್‌ಥಿಂಗ್ ತಯಾರಿಸಿದವರೇ ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಾಗಿ ನನ್ನ ಡೆಸ್ಕ್‌ಟಾಪಿನಲ್ಲಿ ಫೋಲ್ಡರನ್ನು ‘ರಿಸೀವ್ ಓನ್ಲಿ’ (ಬರೀ ಸ್ವೀಕರಿಸುವಂತೆ) ಮಾಡಿ, ‘ಸ್ಟ್ಯಾಗರ್ಡ್’ ವರ್ಷನಿಂಗ್, ಅಂದರೆ ಹಳೆಯ ಪ್ರತಿಗಳನ್ನು ಅಂತರ ಬಿಟ್ಟು ಉಳಿಸುವ ವ್ಯವಸ್ಥೆ, ಆನ್ ಮಾಡಿದ್ದೇನೆ. ಅಲ್ಲಿಂದ ಲ್ಯಾಪ್‌ಟಾಪಿಗೆ ಯಾವ ಬದಲಾವಣೆಯೂ ವಾಪಸ್ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಅಳಿಸಿದ ಅಥವಾ ತಿದ್ದಿದ ಫೈಲಿನ ಹಳೆಯ ಪ್ರತಿ ಡೆಸ್ಕ್‌ಟಾಪಿನ ‘ಎಸ್‌ಟಿವರ್ಷನ್ಸ್’ ಫೋಲ್ಡರಿಗೆ ಸೇರುತ್ತದೆ. ಮೊದಲ ದಿನ ಗಂಟೆಗೊಂದು, ತಿಂಗಳವರೆಗೆ ದಿನಕ್ಕೊಂದು, ಆಮೇಲೆ ವಾರಕ್ಕೊಂದರಂತೆ ಪ್ರತಿಗಳು ಉಳಿಯುತ್ತವೆ. ನಾವೇನೂ ಬದಲಿಸದಿದ್ದರೆ ಒಂದು ವರ್ಷದವರೆಗೆ ಇಟ್ಟುಕೊಳ್ಳುತ್ತದೆ.

ಬಹಳ ಜನ ಇಲ್ಲೇ ಎಡವುತ್ತಾರೆ: ವರ್ಷನಿಂಗ್ ಬೇರೆ ಯಂತ್ರದಿಂದ ಬಂದ ಬದಲಾವಣೆಗೆ ಮಾತ್ರ ಕೆಲಸ ಮಾಡುತ್ತದೆ. ನೀವು ಕೂತು ಕೆಲಸ ಮಾಡುವ ಲ್ಯಾಪ್‌ಟಾಪಿನಲ್ಲಿ ಅದನ್ನು ಆನ್ ಮಾಡಿದರೆ, ಅಲ್ಲೇ ಅಳಿಸಿದ ಫೈಲಿಗೆ ಅದು ಕಾವಲಾಗುವುದಿಲ್ಲ. ಸ್ವೀಕರಿಸುವ ಕಡೆ ಆನ್ ಆಗಿರಬೇಕು.

ಎರಡೂ ಕಡೆ ತಿದ್ದಲು ಬಿಟ್ಟ ಫೋಲ್ಡರ್ ಬೇರೆ ಇದ್ದರೆ, ಸಂಪರ್ಕವಿಲ್ಲದಾಗ ಒಂದೇ ಫೈಲನ್ನು ಇಬ್ಬರು ತಿದ್ದಿದರೂ ಗಾಬರಿ ಬೇಡ. ಹೊಸದು ಅದೇ ಹೆಸರಿನಲ್ಲಿರುತ್ತದೆ, ಹಳೆಯದರ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’, ದಿನಾಂಕ, ಸಮಯ ಸೇರಿಕೊಳ್ಳುತ್ತವೆ. ಯಾವುದು ಬೇಕೋ ನೀವೇ ನೋಡಿ ಇಟ್ಟುಕೊಳ್ಳಬೇಕು. ಸದಾ ತೆರೆದಿರುವ ಡೇಟಾಬೇಸ್ ಫೈಲುಗಳನ್ನು ಮಾತ್ರ ಇದಕ್ಕೆ ಒಪ್ಪಿಸಬೇಡಿ.

ಕೊರತೆ ಇಲ್ಲವೆಂದಲ್ಲ. ಎರಡೂ ಯಂತ್ರಗಳು ಒಂದೇ ಹೊತ್ತಿಗೆ ಆನ್ ಇರಬೇಕು. ಮೂಲ ಆವೃತ್ತಿಯನ್ನು ವಿಂಡೋಸ್ ಜೊತೆಗೇ ಶುರುವಾಗುವಂತೆ ನಾವೇ ಹೊಂದಿಸಬೇಕು. ಸಿಡಿಲು, ಕಳ್ಳತನಕ್ಕೆ ಒಂದೇ ಮನೆಯ ಎರಡು ಯಂತ್ರಗಳು ಒಟ್ಟಿಗೇ ಬಲಿಯಾಗಬಹುದು. ಅದಕ್ಕೇ ಆಗಾಗ ಡೆಸ್ಕ್‌ಟಾಪಿನಿಂದ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೂ ಪ್ರತಿ ತೆಗೆದು, ಅದನ್ನು ಕಳಚಿ ಬೇರೆ ಕಡೆ ಇಡುತ್ತೇನೆ. ಅದಾದ ಮೇಲೆ ಸಿಂಕ್‌ಥಿಂಗ್ ಪುಟದಿಂದ ಯಾವುದಾದರೊಂದು ಹಳೆಯ ಫೈಲನ್ನು ವಾಪಸ್ ತರಿಸಿ, ತೆರೆದು ನೋಡುತ್ತೇನೆ.