ಸೋಫಾಗೆ ಪ್ರೊಟೆಕ್ಷನ್ ಪ್ಲ್ಯಾನೋ, ಊರಿನ ಕುಶನ್ ಅಂಗಡಿಯೋ?

ಶೋರೂಮಿನಲ್ಲಿ ಸೋಫಾ ಆರಿಸಿ ಬಿಲ್ ಹಾಕಿಸುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ಎಕ್ಸ್‌ಟೆಂಡೆಡ್ ಪ್ಲ್ಯಾನ್ ಹಾಕ್ಲಾ? ಕಲೆ ಆದ್ರೂ, ಹರಿದ್ರೂ ಎಲ್ಲಾ ಕವರ್ ಆಗುತ್ತೆ." ದಾವಣಗೆರೆಯ ನಮ್ಮ ಮನೆಗೆ ತಂದ ಸೋಫಾಗೆ ಅದನ್ನು ಹಾಕಿಸಿದೆ. ಅದೇ ವರ್ಷ ನಿಟ್ಟುವಳ್ಳಿಯಲ್ಲಿರುವ ನಮ್ಮ ಅಕ್ಕ ಕುಶನ್ ಅಂಗಡಿಯಲ್ಲಿ ಹೇಳಿ ಸೋಫಾ ಮಾಡಿಸಿದಳು. ಅದಕ್ಕೆ ಯಾವ ಪ್ಲ್ಯಾನೂ ಇಲ್ಲ. ಎರಡೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಎರಡೂ ಮನೆಯಲ್ಲಿ ಸಂಜೆ ಮಂಡಕ್ಕಿ, ಮಿರ್ಚಿ ತಿನ್ನುವುದು ಸೋಫಾ ಮೇಲೇ. ಹಾಗಾಗಿ ಎರಡನ್ನೂ ಹೋಲಿಸಿ ನೋಡಲು ಒಳ್ಳೆಯ ಅವಕಾಶ ಸಿಕ್ಕಿತು.

ಮೊದಲು ದುಡ್ಡಿನ ಲೆಕ್ಕ. ನಮ್ಮದು ಎಲ್ ಆಕಾರದ್ದು, 46,000 ರೂಪಾಯಿ. ಮೂರು ವರ್ಷದ ಪ್ಲ್ಯಾನಿಗೆ 2,999. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 3,539 ಆಯಿತು. ಅಕ್ಕನದು ಮೂರು ಸೀಟಿನದೊಂದು, ಒಂಟಿ ಸೀಟಿನವು ಎರಡು. ಎಲ್ಲಾ ಸೇರಿ 41,000ಕ್ಕೆ ಮುಗಿಯಿತು.

ಪ್ಲ್ಯಾನ್ ಕೆಲಸಕ್ಕೆ ಬಂದದ್ದೂ ಉಂಟು. ಮಗ ಬಾಲ್‌ಪೆನ್ನಿನಿಂದ ಸೀಟಿನ ಮೇಲೆ ಉದ್ದಕ್ಕೆ ಗೀಚಿದ್ದ. ಫೋಟೊ ತೆಗೆದು ಕಳಿಸಿದೆ. ಕೆಲಸದ ಹುಡುಗ ಬಂದು ಯಾವುದೋ ದ್ರಾವಣ ಹಚ್ಚಿ, ಮೆಷಿನ್‌ನಿಂದ ಎಳೆದು ತೆಗೆದ. ಕಲೆ ಹೋಯಿತು, ಒಂದು ರೂಪಾಯಿಯನ್ನೂ ಕೇಳಲಿಲ್ಲ. ಆದರೆ ಕಲೆಯಾದ ಏಳು ದಿನದೊಳಗೆ ತಿಳಿಸಬೇಕು ಎಂಬ ಷರತ್ತಿತ್ತು. ಹಬ್ಬಕ್ಕೆ ಊರಿಗೆ ಹೋಗಿದ್ದರೆ ಅಷ್ಟೇ.

ತಕರಾರು ಬಂದದ್ದು ತಲೆ ಒರಗುವ ಜಾಗದಲ್ಲಿ. ನಮ್ಮ ಮನೆಗಳಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ. ಬೇಸಿಗೆಯಲ್ಲಿ ಬೆವರು. ಅದರ ಮೇಲೆ ನಮ್ಮೂರಿನ ಧೂಳು ಕೂರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಬಟ್ಟೆ ಕಪ್ಪಗಾಗಿ ಜಿಡ್ಡು ಹಿಡಿಯಿತು. ದೂರು ಕೊಟ್ಟೆ. "ಇದು ದಿನದಿನದ ಬಳಕೆಯಿಂದ ಆದದ್ದು, ಒಂದೇ ಸಲ ಆದ ಅವಘಡ ಅಲ್ಲ" ಎಂದು ತಿರಸ್ಕರಿಸಿದರು. ಆಮೇಲೆ ಎಲ್‌ನ ಮೂಲೆಯಲ್ಲಿ ಫೋಮ್ ಕುಸಿಯಿತು. ಅಷ್ಟರಲ್ಲಿ ಕಂಪನಿಯ ಒಂದು ವರ್ಷದ ವಾರಂಟಿ ಮುಗಿದಿತ್ತು. ಪ್ಲ್ಯಾನ್ ಕಾಗದ ತೆಗೆದು ನೋಡಿದರೆ, ಫೋಮ್ ಕುಸಿತ, ಬಣ್ಣ ಮಾಸುವುದು, ರೆಕ್ಸಿನ್ ಸಿಪ್ಪೆ ಏಳುವುದು, ಸಾಕುಪ್ರಾಣಿ ಕೆರೆದದ್ದು, ಇವೆಲ್ಲವೂ "ಸೇರಿಲ್ಲ" ಎಂಬ ಪಟ್ಟಿಯಲ್ಲಿದ್ದವು. ನನಗೆ ಬೇಜಾರಾದದ್ದು ಇಲ್ಲೇ. ಸೋಫಾ ಹಾಳಾಗುವುದೇ ಹೀಗೆ, ನಿಧಾನವಾಗಿ. ಫೋಮ್ ಇಳಿಯುತ್ತದೆ, ಸೀಟಿನಡಿಯ ಬೆಲ್ಟ್ ಸಡಿಲವಾಗುತ್ತದೆ, ಬಟ್ಟೆ ಸವೆಯುತ್ತದೆ. ಪ್ಲ್ಯಾನ್ ನೋಡಿಕೊಳ್ಳುವುದು ಮಾತ್ರ ತಟ್ಟನೆ ಆದ ಅವಘಡವನ್ನು. ಮೂಲೆಯ ಫೋಮನ್ನು ಕೊನೆಗೆ ಅಕ್ಕನ ಕುಶನ್ ಅಂಗಡಿಯವರೇ ಬದಲಿಸಿಕೊಟ್ಟರು. 1,800 ರೂಪಾಯಿ ಆಯಿತು.

ಆ ಅಂಗಡಿಯವರು ಅಕ್ಕನಿಗೆ ಮೊದಲೇ ಒಂದು ಮಾತು ಹೇಳಿದ್ದರು. "ಅಕ್ಕಾ, ದುಡ್ಡು ಉಳಿಸೋದಾದ್ರೆ ಬಟ್ಟೇಲಿ ಉಳಿಸ್ರಿ, ಫೋಮಲ್ಲಿ ಬ್ಯಾಡ್ರಿ." ಸೀಟಿಗೆ 40 ಡೆನ್ಸಿಟಿ ಹಾಕಿಸಿದಳು, ಬೆನ್ನಿಗೆ ಅದಕ್ಕಿಂತ ಕಡಿಮೆಯದು. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ. ತೂಕ ಜಾಸ್ತಿ ಇದ್ದಷ್ಟೂ ಫೋಮ್ ತಡವಾಗಿ ಕುಸಿಯುತ್ತದೆ. ಕೈಗೆ ಮೆತ್ತಗೆ ಸಿಗುತ್ತದೋ ಗಟ್ಟಿಯಾಗಿ ಸಿಗುತ್ತದೋ ಎನ್ನುವುದು ಬೇರೆ ವಿಷಯ, ಅದನ್ನು ನೋಡಿ ಡೆನ್ಸಿಟಿ ಹೇಳಲಾಗದು. ಶೋರೂಮಿನಲ್ಲಿ ನಾನು ಡೆನ್ಸಿಟಿ ಕೇಳಿದಾಗ "ಹೈ ಕ್ವಾಲಿಟಿ ಸರ್" ಎಂದರೇ ಹೊರತು ಸಂಖ್ಯೆ ಹೇಳಲಿಲ್ಲ.

ಅಕ್ಕ ಮಾಡಿಸಿದ ಇನ್ನೊಂದು ಕೆಲಸ ನನಗೆ ತುಂಬಾ ಹಿಡಿಸಿತು. ಎಲ್ಲಾ ಕುಶನ್ನಿಗೂ ಜಿಪ್. ಕವರ್ ಬಿಚ್ಚಿ ಒಗೆದು ಮತ್ತೆ ಹಾಕಬಹುದು. ಮಿರ್ಚಿ ಎಣ್ಣೆ ಬಿದ್ದರೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಡುತ್ತಾಳೆ. ಪೌಡರ್ ಎಣ್ಣೆ ಹೀರುತ್ತದೆ. ಬೆಳಿಗ್ಗೆ ಕೊಡವಿ, ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಒಗೆದರೆ ಮುಗಿಯಿತು. ತಲೆ ಒರಗುವ ಕಡೆಗೆ ಅದೇ ಬಟ್ಟೆಯಲ್ಲಿ ಬೇರೆ ತುಂಡುಗಳನ್ನು ಹೊಲಿಸಿದ್ದಾಳೆ. ನಮ್ಮ ಸೋಫಾದಲ್ಲಿ ಬಟ್ಟೆಯನ್ನು ಪಿನ್ ಹೊಡೆದೇ ಕೂರಿಸಿದ್ದಾರೆ, ಬಿಚ್ಚಲು ಬರುವುದಿಲ್ಲ.

ಕುಶನ್ ಅಂಗಡಿಗೂ ಕೊರತೆ ಇದೆ. ಲಿಖಿತ ವಾರಂಟಿ ಇಲ್ಲ. ಹೇಳಿದ ದಿನಕ್ಕೆ ಸೋಫಾ ಬರಲಿಲ್ಲ, ಅಕ್ಕ ಫೋನ್ ಮೇಲೆ ಫೋನ್ ಮಾಡಬೇಕಾಯಿತು. ಒಳಗಿನ ಮರ ಯಾವುದು ಎಂದು ಬಟ್ಟೆ ಮುಚ್ಚುವ ಮೊದಲೇ ಹೋಗಿ ನೋಡಬೇಕು. ಹಸಿ ಮರವಾದರೆ ಒಣಗುತ್ತಾ ಸೊಟ್ಟಗಾಗುತ್ತದೆ, ಗೆದ್ದಲಿಗೆ ಔಷಧಿ ಹಚ್ಚಿಲ್ಲದಿದ್ದರೆ ಕಥೆ ಮುಗಿಯಿತು. ಬಿಲ್ ಕೇಳಿಯೇ ಪಡೆಯಬೇಕು.

ಬೆಂಕಿ, ನೀರಿಗೆ ಮನೆ ವಿಮೆ ಬೇರೆಯೇ ಇದೆ. 2021ರ ಏಪ್ರಿಲ್ 1ರಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದ 20 ಪರ್ಸೆಂಟಿನಷ್ಟು ಮನೆಯೊಳಗಿನ ಸಾಮಾನಿಗೂ ಸಿಗುತ್ತದೆ. ಮಿತಿ 10 ಲಕ್ಷ. ಬೆಂಕಿ, ಪ್ರವಾಹ, ಮೇಲಿನ ಟ್ಯಾಂಕ್ ಒಡೆದು ನೀರು ನುಗ್ಗುವುದು, ಇವೆಲ್ಲ ಅದರಲ್ಲಿವೆ. ಪೆನ್ನಿನ ಗೀಚು, ಸವೆತ ಇಲ್ಲ. ಇದು ನಿಜವಾದ ವಿಮೆ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸಂಸ್ಥೆಯ ನಿಯಮದಡಿ ಬರುತ್ತದೆ, ತಕರಾರಾದರೆ ದೂರು ಕೇಳಲು ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶೋರೂಮಿನಲ್ಲಿ ಬಾಯಿಮಾತಿಗೆ ಇನ್ಶೂರೆನ್ಸ್ ಎಂದರೂ, ನಮಗೆ ಕೊಟ್ಟ ಕಾಗದದಲ್ಲಿ ವಿಮಾ ಕಂಪನಿಯ ಹೆಸರೂ ಇಲ್ಲ, ಪಾಲಿಸಿ ನಂಬರೂ ಇಲ್ಲ. ಅದು ಬರೀ ಸರ್ವೀಸ್ ಒಪ್ಪಂದ.

ಸೋಫಾದಲ್ಲಿ ತಯಾರಿಕೆಯ ದೋಷವೇ ಇದ್ದರೆ ಪ್ಲ್ಯಾನ್ ಇಲ್ಲದಿದ್ದರೂ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಅಂಗಡಿ ಬೆಂಗಳೂರಿನಲ್ಲಿದ್ದರೂ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಎಷ್ಟೋ ಸಲ ಅಲ್ಲೇ ಮಾತುಕತೆ ಆಗುತ್ತದೆ. ಈ ಹಕ್ಕು ನಮಗೆ ಸುಮ್ನೆ ಸಿಕ್ಕಿದೆ, ಅದಕ್ಕೇ ಮತ್ತೆ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಒಂದು ಕಡೆ ಮಾತ್ರ ಪ್ಲ್ಯಾನ್ ತಗೊಳ್ಳಿ ಎನ್ನುತ್ತೇನೆ. ಚಿತ್ರದುರ್ಗದಲ್ಲಿ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಕರೆಂಟಿನ ರಿಕ್ಲೈನರ್, ಅಂದರೆ ಬೆನ್ನು ಹಿಂದಕ್ಕೆ ಒರಗುವ ಸೋಫಾ ಇದೆ. ಎರಡನೇ ವರ್ಷ ಅದರ ಮೋಟರ್ ನಿಂತಿತು, ಪ್ಲ್ಯಾನಿನಲ್ಲೇ ಹೊಸದು ಹಾಕಿಕೊಟ್ಟರು. ಆ ಮೋಟರ್ ಊರಿನ ಕುಶನ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಆದರೆ ಕಾಗದದಲ್ಲಿ ಮೋಟರ್, ಮೆಕ್ಯಾನಿಸಂ ಎಂದು ಸ್ಪಷ್ಟವಾಗಿ ಬರೆದಿರಬೇಕು. ಕೆಲಸದವರು ನಿಮ್ಮ ಪಿನ್‌ಕೋಡಿಗೆ ಬರುತ್ತಾರಾ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ.

ನಮ್ಮ ಪ್ಲ್ಯಾನ್ ಮುಗಿಯುತ್ತಾ ಬಂದಿದೆ, ಮುಂದುವರಿಸಲು ಕರೆ ಬರುತ್ತಿದೆ. ನಾನು ಬೇಡ ಎಂದಿದ್ದೇನೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಬೆನ್ನಿನ ಕುಶನ್ನುಗಳಿಗೆ ಜಿಪ್ ಇರುವ ಹೊಸ ಕವರ್ ಹೊಲಿಸಲು ಕೊಟ್ಟಿದ್ದೇನೆ.