ಹಂದಿ ಪಕ್ಕೆಲುಬು: ಫಾಯಿಲ್ ಸುತ್ತೋದಾ, ತೆರೆದಿಡೋದಾ?

ಮಸಾಲೆ ಹಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟ ಪಕ್ಕೆಲುಬು ರೆಡಿ ಇದೆ. ಇನ್ನು ಓವನ್‌ನಲ್ಲಿ ಬೇಯಿಸೋಕೆ ದಾರಿ ಎರಡು.

ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂವರೆಯಿಂದ ಮೂರು ಗಂಟೆ ಬಿಡುವುದು ಒಂದು. ಈ ಮಾಂಸದಲ್ಲಿ ಕೊಲಾಜೆನ್, ಅಂದ್ರೆ ಮಾಂಸವನ್ನು ಬಿಗಿಯಾಗಿಡುವ ನಾರಿನಂಥ ಪ್ರೋಟೀನ್, ಜಾಸ್ತಿ. ಅದು ಕರಗಿ ಮೆತ್ತನೆಯ ಜೆಲಾಟಿನ್ ಆಗೋಕೆ ಸಮಯ ಬೇಕು. ಒಳಗಿನ ಬಿಸಿ 70 ಡಿಗ್ರಿ ದಾಟಿದರೆ ತಿನ್ನೋಕೇನೋ ಸುರಕ್ಷಿತ, ಆದರೆ ಅಗಿದು ಅಗಿದು ದವಡೆ ನೋಯುತ್ತದೆ. 90 ದಾಟಿದ ಮೇಲೆಯೇ ಮೆತ್ತಗಾಗುವುದು. ಫಾಯಿಲ್ ಒಳಗೆ ಹಬೆ ತುಂಬಿರುವುದರಿಂದ ಒಣಗುವ ಭಯವಿಲ್ಲ. ಕೊರತೆ ಅಂದ್ರೆ, ಬಿಚ್ಚಿದಾಗ ಮಾಂಸ ಬಿಳಿಚಿಕೊಂಡು ಒದ್ದೆಯಾಗಿರುತ್ತದೆ. ತಳದಲ್ಲಿ ನಿಂತ ರಸವನ್ನು ಕುದಿಸಿ ಗಟ್ಟಿ ಮಾಡಿ ಮೇಲೆ ಸವರಿ. 220 ಡಿಗ್ರಿಯಲ್ಲಿ ಹತ್ತು ನಿಮಿಷ ತೆರೆದಿಡಿ. ಮೇಲ್ಭಾಗ ಗುಳ್ಳೆಯೆದ್ದು, ಅಂಚು ಕಂದಾಗಿ ಅಂಟಂಟಾಗುತ್ತದೆ.

ಇನ್ನೊಂದು, ಜಾಲರಿಯ ಮೇಲೆ ತೆರೆದಿಟ್ಟು 170 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆ. ಹೊರಗೆ ಗರಿಗರಿ, ಒಳಗೆ ಹಲ್ಲಿಗೆ ಸ್ವಲ್ಪ ಕೆಲಸ. ಬೆನ್ನಿನ ಕಡೆಯ ಸಣ್ಣ ಪಕ್ಕೆಲುಬಿಗೆ ಸರಿ. ಹೊಟ್ಟೆ ಕಡೆಯ ದಪ್ಪದ್ದಕ್ಕೆ ಸಾಲದು. ಮಸಾಲೆಯಲ್ಲಿ ಜೇನು, ಸಕ್ಕರೆ ಇದ್ದರೆ ಕಣ್ಣಿಟ್ಟಿರಿ, ಮಾಂಸ ಬೇಯುವ ಮೊದಲೇ ಅದು ಕರಕಲಾಗುತ್ತದೆ. ನಾನೊಮ್ಮೆ ಹೀಗೇ ಕಹಿ ತಿಂದಿದ್ದೇನೆ.

ಸಮಯ ಇದ್ದರೆ ಫಾಯಿಲ್‌ಗೇ ನನ್ನ ಓಟು. ಯಾವುದೇ ಆದರೂ ಮೂಳೆ ಬದಿಯ ತೆಳು ಪೊರೆಯನ್ನು ಮಸಾಲೆ ಹಚ್ಚುವ ಮುಂಚೆಯೇ ಕಿತ್ತುಬಿಡಿ. ಜಾರುತ್ತೆ ಅಲ್ವಾ, ಪೇಪರ್ ಟವೆಲ್‌ನಲ್ಲಿ ಹಿಡಿದು ಎಳೆಯಿರಿ.